ತೀರ್ಪಿಗೆ ಮುನ್ನ ಪರೀಕ್ಷೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಪಟ್ಟಣಗಳ ಯಾವ ಪೇಟೆ ಬೀದಿಯಲ್ಲಾದರೂ ಮುಂಜಾನೆಯ ಹೊತ್ತು ಕಾಣಸಿಗುವ ಒಂದು ನೋಟವುಂಟು. ಸರಕು ಹೇರಿಕೊಂಡ ಪಿಕಪ್ ವಾಹನವೊಂದು ಕೀಲಿ ತಿರುಗಿಸಿದರೂ ಮಿಸುಕದೆ ನಿಂತಿರುತ್ತದೆ. ನಾಲ್ಕಾರು ಮಂದಿ ಹಿಂದಿನಿಂದ ತಳ್ಳುತ್ತಾರೆ. ಎಂಜಿನ್ ಕೆಮ್ಮಿ ಎಚ್ಚರಗೊಳ್ಳುತ್ತದೆ. ಬ್ಯಾಟರಿ ಹೋಗಿದೆ, ಹೊಸದು ಹಾಕಿಸಬೇಕು ಎಂಬ ತೀರ್ಪು ಅಲ್ಲಿಯೇ, ಆ ಕ್ಷಣದಲ್ಲಿಯೇ ಹೊರಬೀಳುತ್ತದೆ. ವಿಚಾರಣೆಯಿಲ್ಲ, ಸಾಕ್ಷಿಯಿಲ್ಲ, ಪ್ರತಿವಾದಕ್ಕೆ ಎಡೆಯಿಲ್ಲ. ಮಾತನಾಡಲಾರದ ವಸ್ತುವಿನ ಬಗೆಗೆ ಇಷ್ಟು ಅವಸರ ತೋರುವ ಮನಸ್ಸು ಮನುಷ್ಯರ ಬಗೆಗೆ ತಾಳ್ಮೆ ತೋರೀತೇ ಎಂಬ ಪ್ರಶ್ನೆ ವಿಚಾರವಂತರಿಗೆ ಏಳದೆ ಇರದು.

ಬ್ಯಾಟರಿ ಎಂದೂ ನಿರ್ದೋಷಿ ಎಂದು ಇದರ ಅರ್ಥವಲ್ಲ. ಅದಕ್ಕೂ ಆಯುಸ್ಸುಂಟು, ಅದೂ ಕೆಡುತ್ತದೆ. ಆದರೆ ಅನೇಕ ಸಲ ಅದು ಬೇರೊಂದು ಅಂಗದ ದೋಷದಿಂದ ನೊಂದಿರುತ್ತದೆ. ನೊಂದವನನ್ನೇ ಅಪರಾಧಿಯೆಂದು ಹೊರಗೆ ಹಾಕಿ, ನಿಜವಾದ ದೋಷವನ್ನು ಒಳಗೇ ಉಳಿಸಿಕೊಂಡರೆ ಹೊಸದಾಗಿ ಬಂದವನಿಗೂ ಅದೇ ಗತಿ. ಹಣ ತೆತ್ತವನಿಗೆ ನಷ್ಟ, ಮಾರಿದವನಿಗೆ ಅಪಕೀರ್ತಿ, ದಾರಿಯಲ್ಲಿ ನಿಂತವನಿಗೆ ಅಪಾಯ. ಆದುದರಿಂದ ವಾಹನದ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಹುಡುಕುವ ಕ್ರಮವು ಕುಶಲಕರ್ಮಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿಯದೆ, ನ್ಯಾಯವಿವೇಚನೆಯ ವಿಷಯವೂ ಆಗುತ್ತದೆ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಇಟಲಿಯ ವೋಲ್ಟಾ 1800ರಲ್ಲಿ ವಿದ್ಯುತ್ಕೋಶವನ್ನು ಪ್ರಕಟಿಸಿದನು. ಸುತ್ತಿದ ತಂತಿಯ ಬಳಿ ಅಯಸ್ಕಾಂತವನ್ನು ಚಲಿಸಿದರೆ ವಿದ್ಯುತ್ತು ಹುಟ್ಟುವುದೆಂದು ಇಂಗ್ಲೆಂಡಿನ ಫ್ಯಾರಡೆ 1831ರಲ್ಲಿ ತೋರಿಸಿದನು. ಮತ್ತೆ ಮತ್ತೆ ತುಂಬಿಸಬಹುದಾದ ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ನಿರ್ಮಿಸಿದನು. ಇಂದಿನ ವಾಹನದಲ್ಲಿ ಈ ಶೋಧಗಳೆಲ್ಲ ಒಟ್ಟಿಗೆ ದುಡಿಯುತ್ತಿವೆ. 1960ರ ದಶಕದಿಂದೀಚೆಗೆ ಹಳೆಯ ಡೈನಮೋದ ಸ್ಥಾನಕ್ಕೆ ಕ್ರಮೇಣ ಆಲ್ಟರ್ನೇಟರ್ ಬಂದಿತು. ನಮ್ಮ ಕಡೆಯ ಚಾಲಕರ ಬಾಯಲ್ಲಿ ಮಾತ್ರ ಅದು ಇನ್ನೂ ಡೈನಮೋ ಆಗಿಯೇ ಉಳಿದಿದೆ.

ವ್ಯಾಪಾರಸ್ಥರಿಗೆ ಈ ಏರ್ಪಾಟನ್ನು ಲೆಕ್ಕದ ಪುಸ್ತಕದ ಮೂಲಕ ವಿವರಿಸುವುದು ಸುಲಭ. ಬ್ಯಾಟರಿ ಎಂಬುದು ಇಡುಗಂಟು. ಆಲ್ಟರ್ನೇಟರ್ ಎಂಬುದು ದಿನದ ಸಂಪಾದನೆ. ದೀಪ, ಹಾರ್ನ್, ವೈಪರ್ ಇತ್ಯಾದಿ ದಿನದ ಖರ್ಚು. ಎಂಜಿನ್ ಚಾಲನೆಗೊಳಿಸುವಾಗ ಸೆಲ್ಫ್ ಮೋಟಾರು ಇಡುಗಂಟಿನಿಂದ ದೊಡ್ಡ ಮೊತ್ತವನ್ನೇ ಕೇಳುತ್ತದೆ. ಡೀಸೆಲ್ ಎಂಜಿನ್ನಿಗೆ 200 ಆಂಪಿಯರ್ ಎಂದಿಟ್ಟುಕೊಂಡು 3 ಸೆಕೆಂಡು ತಿರುಗಿಸಿದರೆ ಸಾಲ 600. ಎಂಜಿನ್ ಓಡತೊಡಗಿದ ಮೇಲೆ ಆಲ್ಟರ್ನೇಟರ್ 10 ಆಂಪಿಯರಿನಂತೆ ಹಿಂದಿರುಗಿಸಿದರೂ 60 ಸೆಕೆಂಡಿನಲ್ಲಿ, ಸೋರಿಕೆಯನ್ನು ಸೇರಿಸಿದರೆ ಒಂದೆರಡು ನಿಮಿಷದಲ್ಲಿ ಆ ಸಾಲ ತೀರುತ್ತದೆ. ಅನಂತರದ ಎಲ್ಲ ಖರ್ಚನ್ನೂ ಸಂಪಾದನೆಯೇ ಹೊರಬೇಕು. ಸಂಪಾದನೆ ನಿಂತುಹೋದ ಮನೆ ಇಡುಗಂಟನ್ನು ಕರಗಿಸುತ್ತಾ ಕೆಲವು ಕಾಲ ಗೌರವದಿಂದಲೇ ನಡೆಯುತ್ತದೆ. ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಒಂದು ದಿನ ಪೆಟ್ಟಿಗೆ ಬರಿದಾದಾಗ ಪೆಟ್ಟಿಗೆಯನ್ನೇ ದೂರುವುದು ಎಷ್ಟು ಸರಿಯೋ, ಬ್ಯಾಟರಿಯನ್ನು ದೂರುವುದೂ ಅಷ್ಟೇ ಸರಿ.

ಈ ಮಾತಿಗೆ ಪಿರಿಯಾಪಟ್ಟಣದ ಕಡೆಯ ಒಬ್ಬ ಪಿಕಪ್ ಮಾಲೀಕನ ಪ್ರಸಂಗವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಹೊಗೆಸೊಪ್ಪಿನ ಹರಾಜಿನ ದಿನಗಳಲ್ಲಿ ರೈತರ ಬೇಲುಗಳು, ಉಳಿದ ಕಾಲದಲ್ಲಿ ಕೃಷ್ಣರಾಜನಗರದ ಗಿರಣಿಗಳ ಅಕ್ಕಿಮೂಟೆ, ಹೀಗೆ ಬಾಡಿಗೆ ಹೊಡೆದು ವಾಹನದ ಕಂತು ಕಟ್ಟುತ್ತಿದ್ದ ಮನುಷ್ಯ. ಒಂದು ವರ್ಷ ತುಂಬುವುದರೊಳಗೆ ಎರಡು ಬ್ಯಾಟರಿ ಬದಲಾದವು. ಪ್ರತಿ ಸಲವೂ ಕೆಲವು ವಾರ ಸರಾಗ, ಆಮೇಲೆ ಮತ್ತೆ ತಳ್ಳುವ ಪಾಡು. ಮೂರನೆಯ ಸಲ ಆಲ್ಟರ್ನೇಟರನ್ನೇ ಬದಲಿಸಲಾಯಿತು. ಅದೂ ಹೆಚ್ಚು ದಿನ ಫಲಕೊಡಲಿಲ್ಲ. ಒಂದು ಕಂತು ತಪ್ಪಿತು, ಹಿಂದೆಯೇ ಇನ್ನೊಂದು. ಹೇಳಿದ ಹೊತ್ತಿಗೆ ಬಾರದ ಗಾಡಿಯೆಂದು ಗಿರಣಿಯವರು ಬೇರೆಯವರನ್ನು ಕರೆಯತೊಡಗಿದರು. ಕೊನೆಗೆ ಆತ ಹುಣಸೂರಿನಲ್ಲಿ ವಾಹನಗಳ ವಯರಿಂಗ್ ಕೆಲಸ ಮಾಡುವ ಒಬ್ಬ ವೃದ್ಧನ ಬಳಿಗೆ ಹೋದನು.

"ಎರಡು ಬ್ಯಾಟ್ರಿ ಆಯ್ತು ಯಜಮಾನ್ರೇ, ಡೈನಮೋನೂ ಹೊಸದೇ. ಇನ್ನೇನ್ ಹಾಕ್ಬೇಕು ಹೇಳ್ಬಿಡಿ" ಎಂದು ಆತ ಕೇಳಿದ್ದಕ್ಕೆ ವೃದ್ಧನ ಉತ್ತರ ಹೀಗಿತ್ತು: "ಏನೂ ಹಾಕೋದ್ ಬೇಡಪ್ಪ ಈಗ. ಬ್ಯಾಟ್ರಿನ ಬೈಬೇಡ. ಅದಕ್ಕೆ ಊಟ ಸಿಗ್ತಾ ಇದೆಯೋ ಇಲ್ವೋ, ಮೊದ್ಲು ಅದನ್ನ ನೋಡಾಣ."

ಆ ವೃದ್ಧನು ಅನುಸರಿಸಿದ ಕ್ರಮ ಯಾವ ಗುಟ್ಟಿನ ವಿದ್ಯೆಯೂ ಅಲ್ಲ. ಖರ್ಚಿಲ್ಲದ ಪರೀಕ್ಷೆ ಮೊದಲು, ಬಿಚ್ಚಬೇಕಾದ ಪರೀಕ್ಷೆ ಕೊನೆಗೆ ಎಂಬುದೇ ಅದರ ತಿರುಳು. ಎಲ್ಲಕ್ಕಿಂತ ಮುಂಚೆ ಕಣ್ಣು ಮತ್ತು ಕೈ. ಎಂಜಿನ್ ನಿಲ್ಲಿಸಿ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಸಾಮಾನ್ಯವಾಗಿ ಸುಮಾರು 10 ಮಿಲಿಮೀಟರಿನಷ್ಟು ಬಾಗಬೇಕು. ಹೆಚ್ಚು ಸಡಿಲವಿದ್ದರೆ ಅದು ಜಾರುತ್ತದೆ. ದೀಪ ಹಾಕಿದೊಡನೆ ಕಿರುಗುಟ್ಟುತ್ತದೆ. ಅತಿಯಾಗಿ ಬಿಗಿದರೆ ಬೇರಿಂಗ್ ಸವೆಯುತ್ತದೆ. ಬ್ಯಾಟರಿಯ ಟರ್ಮಿನಲ್ಲುಗಳ ಮೇಲೆ ಬಿಳಿ ಅಥವಾ ಹಸುರು ಬೂಷ್ಟು ಕಟ್ಟಿದೆಯೇ, ತಂತಿಗಳು ಕೈಯಲ್ಲಿ ಅಲುಗಾಡುತ್ತವೆಯೇ, ಫ್ಯೂಸು ಸುಟ್ಟಿದೆಯೇ ಎಂದು ನೋಡಬೇಕು. ಮಳೆಗಾಲದ ಕೆಸರು, ಬೇಸಿಗೆಯ ಕೆಂಪು ಧೂಳು ಎರಡನ್ನೂ ಕಂಡ ಹಳ್ಳಿ ರಸ್ತೆಯ ಗಾಡಿಗಳಲ್ಲಿ ಅನೇಕ ದೋಷಗಳು ಇಷ್ಟರಲ್ಲಿಯೇ ಸಿಕ್ಕಿಬೀಳುತ್ತವೆ.

ಎರಡನೆಯ ಸಾಕ್ಷಿ ಕೀಲಿಯ ಬಳಿಯಿರುವ ಕೆಂಪು ಬ್ಯಾಟರಿ ದೀಪ. ಕೀಲಿ ತಿರುಗಿಸಿದಾಗ ಅದು ಹತ್ತಬೇಕು, ಎಂಜಿನ್ ಓಡಿದಾಗ ಆರಬೇಕು. ಆರದಿದ್ದರೆ ದೋಷವುಂಟೆಂದು ಎಲ್ಲರೂ ಬಲ್ಲರು. ಮೊದಲಿಗೆ ಹತ್ತದೆಯೇ ಇರುವುದೂ ದೋಷದ ಸೂಚನೆಯೆಂದು ಅರಿತವರು ಕಡಿಮೆ. ಅನೇಕ ವಾಹನಗಳಲ್ಲಿ ಆಲ್ಟರ್ನೇಟರಿನೊಳಗಿನ ಸುರುಳಿಗೆ ಮೊದಲ ಪ್ರಚೋದನೆ ಹೋಗುವುದು ಈ ದೀಪದ ಮೂಲಕವೇ. ಬಲ್ಬು ಸುಟ್ಟಿದ್ದರೆ ಆರೋಗ್ಯವಂತ ಆಲ್ಟರ್ನೇಟರೂ ಕೆಲಸಕ್ಕೆ ತೊಡಗದೆ ಸುಮ್ಮನಿರಬಹುದು. ದೂರು ಹೇಳದ ದೀಪವನ್ನು ಕಂಡು ಎಲ್ಲವೂ ಕ್ಷೇಮವೆಂದು ನಂಬುವುದು ವಿವೇಕವಲ್ಲ. ಓಡುವಾಗ ದೀಪ ಮಸುಕಾಗಿ ಮಿನುಗುತ್ತಿದ್ದರೆ ಒಳಗಿನ ಡಯೋಡುಗಳಲ್ಲೊಂದು ಕೆಟ್ಟಿರುವ ಸಂಭವವುಂಟು.

ಮೂರನೆಯದು ಅಳತೆ. ವಾಹನವನ್ನು ಕೆಲವು ಗಂಟೆ ವಿಶ್ರಾಂತಿಯಲ್ಲಿಟ್ಟ ಮೇಲೆ ಮೀಟರಿನಿಂದ ಬ್ಯಾಟರಿಯನ್ನು ಅಳೆದರೆ 12.6 ವೋಲ್ಟ್ ಆಸುಪಾಸು ಬಂದರೆ ತುಂಬಿದೆ ಎಂದೂ, 12.2 ಬಂದರೆ ಅರ್ಧವಿದೆ ಎಂದೂ, 12ಕ್ಕಿಂತ ಕೆಳಗಿಳಿದರೆ ಬಹುಪಾಲು ಬರಿದಾಗಿದೆ ಎಂದೂ ತಿಳಿಯಬೇಕು. ಎಂಜಿನ್ ನಿಲ್ಲಿಸಿದೊಡನೆ ಅಳೆದರೆ ಸುಳ್ಳು ಏರಿಕೆ ಕಾಣುತ್ತದೆ. ಓಡಿ ಬಂದವನ ನಾಡಿ ಹಿಡಿದು ಆರೋಗ್ಯ ನಿರ್ಣಯಿಸಿದಂತೆ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ಸ್ಪಷ್ಟವಾಗಿ ನುಡಿಯುತ್ತದೆ. ಆರು ಕೋಶಗಳಲ್ಲಿ ಐದು 1.25 ತೋರಿಸಿ ಒಂದು ಮಾತ್ರ 1.15ರಲ್ಲಿ ನಿಂತರೆ ಆ ಕೋಶ ಸತ್ತಿದೆ, ಅಪರಾಧ ಬ್ಯಾಟರಿಯದೇ. ಆರೂ ಸಮನಾಗಿ ಕುಗ್ಗಿದ್ದರೆ ಅದು ಉಪವಾಸದ ಲಕ್ಷಣ, ವಿಚಾರಣೆ ಮುಂದುವರಿಯಬೇಕು. ಬ್ಯಾಟರಿ ತುಂಬುವಾಗ ಹೊಮ್ಮುವ ಜಲಜನಕ ಅನಿಲ ಸಿಡಿಯುವಂಥದು. ಬೀಡಿ, ಬೆಂಕಿಕಡ್ಡಿಗಳಿಗೆ ಅಲ್ಲಿ ಪ್ರವೇಶವಿಲ್ಲ. ತಂತಿ ಕಳಚುವಾಗ ಋಣ ತುದಿ ಮೊದಲು, ಜೋಡಿಸುವಾಗ ಋಣ ತುದಿ ಕೊನೆಗೆ ಎಂಬ ನಿಯಮವನ್ನು ಮರೆಯಬಾರದು.

ಅನಂತರ ಎಂಜಿನ್ ಓಡಿಸಿ ಅಳೆಯಬೇಕು. ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಬರಬೇಕು. 13ಕ್ಕಿಂತ ಕಡಿಮೆಯಾದರೆ ಊಟ ಸಾಲದು. 15ನ್ನು ಮೀರಿದರೆ ಅಜೀರ್ಣ; ನಿಯಂತ್ರಕ ಕೆಟ್ಟು ನೀರು ಕುದಿದು ಆರುತ್ತದೆ. ಬಳಿಕ ಹೆಡ್‌ಲೈಟು, ಬ್ಲೋವರ್ ಎಲ್ಲವನ್ನೂ ಹಾಕಿ ಎಂಜಿನ್ನಿನ ವೇಗ ತುಸು ಏರಿಸಿ ಮತ್ತೊಮ್ಮೆ ಅಳೆಯಬೇಕು. ಹೊರೆಯಿಲ್ಲದಾಗ ಚೆನ್ನಾಗಿ ಕಾಣುವ ಗುಣ ಹೊರೆ ಬಿದ್ದಾಗಲೂ ನಿಂತರೆ ಮಾತ್ರ ಅದು ಗುಣ.

ಪಿರಿಯಾಪಟ್ಟಣದವನ ಗಾಡಿಯಲ್ಲಿ ಈ ಹಂತದಲ್ಲಿ ಬ್ಯಾಟರಿಯ ಬಳಿ ಬಂದದ್ದು 12.9. ಬೇರೆ ಯಾರಾದರೂ ಆಗಿದ್ದರೆ ಹೊಸ ಆಲ್ಟರ್ನೇಟರೂ ಕೆಟ್ಟಿದೆಯೆಂದು ತೀರ್ಮಾನಿಸುತ್ತಿದ್ದರು. ವೃದ್ಧನು ಮೀಟರಿನ ಕಡ್ಡಿಗಳನ್ನು ಆಲ್ಟರ್ನೇಟರಿನ ಮೈಮೇಲೆಯೇ ಇಟ್ಟನು. ಅಲ್ಲಿ 14.3 ಇತ್ತು. ಸಂಪಾದನೆ ಸರಿಯಾಗಿಯೇ ಇದೆ, ಪೆಟ್ಟಿಗೆಗೆ ಬಂದು ಸೇರುತ್ತಿಲ್ಲ. ಹಾಗಾದರೆ ನಡುವೆ ತಿನ್ನುತ್ತಿರುವವರು ಯಾರು? ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ಧನ ತಿರುಪಿಗೂ ಇನ್ನೊಂದನ್ನು ಬ್ಯಾಟರಿಯ ಧನ ತುದಿಗೂ ಹಿಡಿದಾಗ 1.3 ವೋಲ್ಟ್ ಕಂಡಿತು. ಋಣದ ದಾರಿಯಲ್ಲಿ ಹಾಗೆಯೇ ಅಳೆದರೆ 0.1 ಮಾತ್ರ. ಒಂದೊಂದು ದಾರಿಯಲ್ಲಿ 0.2 ಅಥವಾ 0.3ಕ್ಕಿಂತ ಹೆಚ್ಚು ಸೋರಬಾರದು. ಲೆಕ್ಕ ತಾಳೆಯಾಯಿತು; 14.3ರಲ್ಲಿ 1.4 ಕಳೆದರೆ 12.9. ರಬ್ಬರಿನ ಟೊಪ್ಪಿಗೆ ಸರಿಸಿ ನೋಡಿದಾಗ ದಪ್ಪ ತಂತಿಯ ತುದಿಯ ಲಗ್ ಕಪ್ಪಗೆ ಸುಟ್ಟು, ಎಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹರಿದುಹೋಗಿದ್ದವು. ಆಲ್ಟರ್ನೇಟರ್ ಬದಲಿಸಿದಾಗಲೂ ಅದೇ ಲಗ್ಗನ್ನು ಹೊಸ ತಿರುಪಿಗೆ ಬಿಗಿಯಲಾಗಿತ್ತು. ಹೊಸದಾಗಿ ಬಿಗಿದದ್ದರಿಂದ ಕೆಲವು ದಿನ ಕೂಡಿಕೊಂಡಿತ್ತು, ಅಷ್ಟೇ. ಎರಡು ಬ್ಯಾಟರಿಗಳಿಗೂ ಒಂದು ಆಲ್ಟರ್ನೇಟರಿಗೂ ಮರಣದಂಡನೆ ಕೊಡಿಸಿದ ಅಪರಾಧಿ ಒಂದು ಬೆರಳಿನಷ್ಟು ಉದ್ದದ ಲೋಹದ ತುಂಡು.

ಇಷ್ಟರಲ್ಲಿಯೂ ದೋಷ ಸಿಗದಿದ್ದರೆ ಇನ್ನೆರಡು ಪರೀಕ್ಷೆಗಳಿವೆ. ಎಂಜಿನ್ ಓಡುತ್ತಿರುವಾಗ ಮೀಟರನ್ನು ಎ.ಸಿ.ಗೆ ತಿರುಗಿಸಿ ಬ್ಯಾಟರಿಯ ಬಳಿ ಅಳೆದರೆ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಡಯೋಡು ಸೋತಿದೆ. ವಾಹನ ನಿಂತಿರುವಾಗ, ಎಲ್ಲವನ್ನೂ ಆರಿಸಿದ ಮೇಲೂ, ಬ್ಯಾಟರಿಯಿಂದ 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ರಾತ್ರಿಯ ಕಳ್ಳನೊಬ್ಬ ಎಲ್ಲಿಯೋ ಇದ್ದಾನೆ ಎಂದರ್ಥ. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತಾ ಬಂದರೆ ಯಾವುದನ್ನು ತೆಗೆದಾಗ ಹರಿವು ನಿಲ್ಲುತ್ತದೆಯೋ ಅಲ್ಲಿ ಅವನ ಮನೆ. ಕಳ್ಳ ಎಷ್ಟೋ ಸಲ ಆಮೇಲೆ ಜೋಡಿಸಿದ ಟೇಪ್ ರೆಕಾರ್ಡರು ಅಥವಾ ಬಣ್ಣದ ದೀಪವೇ ಆಗಿರುತ್ತಾನೆ.

ಒಂದು ಪರೀಕ್ಷೆಯನ್ನು ಮಾತ್ರ ಎಂದಿಗೂ ಮಾಡಬಾರದು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಿತ್ತು, ಎಂಜಿನ್ ನಿಲ್ಲದಿದ್ದರೆ ಡೈನಮೋ ಚೆನ್ನಾಗಿದೆ ಎನ್ನುವ ಪದ್ಧತಿ ಹಳೆಯ ಡೈನಮೋ ಕಾಲದಿಂದ ಉಳಿದುಬಂದಿದೆ. ಆಲ್ಟರ್ನೇಟರ್ ಇರುವ ವಾಹನದಲ್ಲಿ ಹಾಗೆ ಮಾಡಿದರೆ ವೋಲ್ಟೇಜು ಒಮ್ಮೆಲೇ ಜಿಗಿದು ಡಯೋಡುಗಳೂ ನಿಯಂತ್ರಕವೂ ವಾಹನದ ಕಂಪ್ಯೂಟರ್ ಪೆಟ್ಟಿಗೆಯೂ ನಾಶವಾಗಬಹುದು. ನಿರಪರಾಧಿಯಾಗಿದ್ದರೆ ಬದುಕುತ್ತಾನೆ ಎಂದು ಬೆಂಕಿಗೆ ನೂಕುವ ವಿಚಾರಣೆ ಇದು. 2020ರ ಏಪ್ರಿಲ್‌ನಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲಿನ ಅನೇಕ ವಾಹನಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜನ್ನು ಆ ಪೆಟ್ಟಿಗೆಯೇ ಸಂದರ್ಭಾನುಸಾರ ಏರಿಳಿಸುತ್ತದೆ. ಅಂಥವುಗಳಲ್ಲಿ ಒಮ್ಮೆ 12.8 ಕಂಡ ಮಾತ್ರಕ್ಕೆ ದೋಷವೆನ್ನಲಾಗದು. ಹಳೆಯ ಅನುಭವವೂ ಹೊಸ ವಸ್ತುವಿನ ಮುಂದೆ ವಿನಯದಿಂದ ನಿಲ್ಲಬೇಕಾಗುತ್ತದೆ.

ಇನ್ನು ಮಾರುವವನ ಧರ್ಮ. ಗಿರಾಕಿಯೇ ಬಂದು ಬ್ಯಾಟರಿ ಕೊಡಿ ಎಂದು ಕೇಳುವಾಗ ಕೊಟ್ಟರೆ ತಪ್ಪೇನು ಎಂಬ ಸಮಾಧಾನ ಸುಲಭವಾಗಿ ದೊರೆಯುತ್ತದೆ. ಕಾನೂನಿನ ದೃಷ್ಟಿಯಲ್ಲಿ ತಪ್ಪಿಲ್ಲದಿರಬಹುದು. ಆದರೆ ಎರಡು ನಿಮಿಷದ ಅಳತೆಯಿಂದ ತಿಳಿಯಬಹುದಾದುದನ್ನು ತಿಳಿಯದೆ ಉಳಿದು, ಆ ಅಜ್ಞಾನದಿಂದ ಲಾಭ ಪಡೆದರೆ ಅದು ಶುದ್ಧ ಸಂಪಾದನೆಯೇ? ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನ, ಪ್ರತಿರೂಪಕ ವ್ಯವಹಾರ ಎಂಬ ಎರಡನ್ನು ತತ್ತ್ವಾರ್ಥಸೂತ್ರವು ಎಣಿಸಿದೆ. ತಕ್ಕಡಿ ಹಿಡಿಯುವ ವರ್ತಕರನ್ನು ಕುರಿತದ್ದೆಂದು ಇವನ್ನು ಬದಿಗಿಡುವಂತಿಲ್ಲ. ಮೀಟರಿನೊಳಗಿನ ಸಣ್ಣ ಬ್ಯಾಟರಿ ಸೋತಾಗ ಮೀಟರು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅಂಥ ಮೀಟರಿನಿಂದ ನೀಡಿದ ತೀರ್ಪು ಸುಳ್ಳು ತೂಕದ ಕಲ್ಲಿಗೆ ಸಮಾನವಲ್ಲವೇ? ಹೆಸರಾಂತ ತಯಾರಕರ ಪೆಟ್ಟಿಗೆಯಲ್ಲಿ ನಕಲಿ ನಿಯಂತ್ರಕವನ್ನೋ ಕಾರ್ಬನ್ ಬ್ರಷ್ಷನ್ನೋ ಇಟ್ಟು ಕೊಡುವುದು ಪ್ರತಿರೂಪಕ ವ್ಯವಹಾರವಲ್ಲದೆ ಮತ್ತೇನು?

ಅನಗತ್ಯವಾಗಿ ಬದಲಾದ ಬ್ಯಾಟರಿಯ ಕಥೆ ಅಂಗಡಿಯಲ್ಲಿ ಮುಗಿಯುವುದಿಲ್ಲ. ಅದರೊಳಗೆ ಸೀಸವಿದೆ, ಗಂಧಕಾಮ್ಲವಿದೆ. ನೆಲದ ಮೇಲೆ ಚೆಲ್ಲಿದ ಆಮ್ಲ ಆ ಜಾಗದ ಹುಲ್ಲು, ಹುಳು, ಇರುವೆಗಳೆಲ್ಲವನ್ನೂ ಸುಡುತ್ತದೆ. ಹಿತ್ತಲಿನಲ್ಲಿ ಕರಗಿಸಿದ ಸೀಸದ ಹೊಗೆ ಮತ್ತು ಧೂಳು ಮಕ್ಕಳ ಮಿದುಳಿಗೆ ಹಾನಿಮಾಡುತ್ತದೆ. ಹಳೆಯ ಬ್ಯಾಟರಿಗಳ ವಿಲೇವಾರಿಗೆ ಕೇಂದ್ರ ಸರಕಾರವು 2001ರ ನಿಯಮಗಳ ಬದಲಿಗೆ 2022ರಲ್ಲಿ ಹೊಸ ನಿಯಮಗಳನ್ನು ತಂದು, ಹಿಂದಕ್ಕೆ ಸಂಗ್ರಹಿಸಿ ಪುನರ್ಬಳಕೆಗೆ ಒಳಪಡಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಬಳಸುವವನ ಹೊಣೆ ಅದಕ್ಕಿಂತ ಸರಳ. ಹಳೆಯದನ್ನು ಅಧಿಕೃತ ಮಾರಾಟಗಾರನಿಗೇ ಹಿಂದಿರುಗಿಸಬೇಕು. ಬದುಕಿರುವುದನ್ನು ಹಳೆಯದೆಂದು ಕರೆಯಬಾರದು.

ನಷ್ಟ ಹಣದ್ದು ಮಾತ್ರವಾಗಿದ್ದರೆ ಇಷ್ಟು ವಿಸ್ತಾರ ಬೇಕಿರಲಿಲ್ಲ. ಹೆಗ್ಗಡದೇವನಕೋಟೆಯಿಂದ ಅಂತರಸಂತೆಯ ಮೂಲಕ ಬಾವಲಿಯತ್ತ ಸಾಗುವ ಮಾನಂದವಾಡಿ ರಸ್ತೆ ನಾಗರಹೊಳೆಯ ಅರಣ್ಯವನ್ನು ಹಾಯುತ್ತದೆ. ಕಾಡಿನ ಭಾಗದಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧವಿದೆ. ಸಂಜೆಯ ಮುನ್ನ ದಾಟಬೇಕಾದ ವಾಹನ ನಡುಗಾಡಿನಲ್ಲಿ ನಿಂತರೆ ತಳ್ಳಲು ಜನರಿಲ್ಲ; ಆನೆಗಳು ರಸ್ತೆಗೆ ಇಳಿಯುವ ಹೊತ್ತು ಬೇರೆ. ಲೆಕ್ಕವನ್ನೇ ನೋಡಿದರೂ ಸಾಕು. 60 ಆಂಪಿಯರ್ ಗಂಟೆಯ ಬ್ಯಾಟರಿ ಅರ್ಧ ತುಂಬಿದೆ, ಆಲ್ಟರ್ನೇಟರ್ ನಿಂತಿದೆ, ಮಳೆಯಲ್ಲಿ ಹೆಡ್‌ಲೈಟೂ ವೈಪರೂ ಸೇರಿ 15 ಆಂಪಿಯರ್ ಎಳೆಯುತ್ತಿವೆ. ಕಾಗದದ ಮೇಲೆ 2 ಗಂಟೆ. ವಾಸ್ತವದಲ್ಲಿ ಅದಕ್ಕೂ ಬಹಳ ಮುಂಚೆಯೇ ದೀಪ ಮಂಕಾಗುತ್ತದೆ. ಆ ವಾಹನದಲ್ಲಿ ಮೈಸೂರಿನ ಆಸ್ಪತ್ರೆಗೆ ಹೊರಟ ಬಸುರಿಯೊಬ್ಬಳು ಇರಬಹುದು. ಪೇಟೆಯಲ್ಲಿ ಯಾರೋ ಅವಸರದಲ್ಲಿ ಹೇಳಿದ ಒಂದು ಮಾತಿನ ಬೆಲೆಯನ್ನು ಆಗ ತೆರುವವರು ಬೇರೆಯವರು.

ಬಸದಿಯ ಟ್ರಸ್ಟುಗಳಿಗೂ ಇಲ್ಲಿ ಕರ್ತವ್ಯವುಂಟು. ಗೊಮ್ಮಟಗಿರಿಯ ವಾರ್ಷಿಕ ಮಸ್ತಕಾಭಿಷೇಕಕ್ಕೆ ಯಾತ್ರಿಕರನ್ನು ಕರೆತರುವ ವಾಹನವಿರಲಿ, ಉತ್ಸವದ ದಿನ ಮಾತ್ರ ನೆನಪಾಗುವ ಡೀಸೆಲ್ ಜನರೇಟರಿರಲಿ, ಎರಡರಲ್ಲಿಯೂ ಇದೇ ಬ್ಯಾಟರಿ, ಇದೇ ನಿಯಮ. ತಿಂಗಳುಗಟ್ಟಲೆ ನಿಂತ ಬ್ಯಾಟರಿ ತನ್ನಷ್ಟಕ್ಕೆ ತಾನೇ ಬರಿದಾಗಿ, ಅದರ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟುತ್ತದೆ. ತಿಂಗಳಿಗೊಂದೆರಡು ಸಲ ಅರ್ಧ ಗಂಟೆ ಓಡಿಸಬೇಕು. ಒಂದು ಚಿಕ್ಕ ಪುಸ್ತಕದಲ್ಲಿ ನಾಲ್ಕು ಕಲಮುಗಳಿದ್ದರೆ ಸಾಕು: ದಿನಾಂಕ, ವಿಶ್ರಾಂತಿಯ ವೋಲ್ಟೇಜು, ಓಡುವಾಗಿನ ವೋಲ್ಟೇಜು, ಏನು ಬದಲಾಯಿತು ಮತ್ತು ಯಾವ ಪರೀಕ್ಷೆಯ ಆಧಾರದ ಮೇಲೆ. ಕೊನೆಯ ಕಲಮು ಖಾಲಿಯಿದ್ದ ಬಿಲ್ಲಿಗೆ ಹಣ ಪಾವತಿಯಾಗದು ಎಂಬ ನಿಯಮ ಮಾಡಿಕೊಂಡರೆ ಸಾರ್ವಜನಿಕ ದ್ರವ್ಯಕ್ಕೆ ಅದಕ್ಕಿಂತ ಒಳ್ಳೆಯ ಕಾವಲು ಬೇರೆ ಬೇಕಿಲ್ಲ.

ಹುಣಸೂರಿನ ಆ ವೃದ್ಧನು ಹರಿದ ತುದಿಯನ್ನು ಕತ್ತರಿಸಿ, ಹೊಸ ಲಗ್ಗನ್ನು ಒತ್ತಿ ಬೆಸುಗೆ ಹಾಕಿ, ತಿರುಪನ್ನು ಉಜ್ಜಿ ಬಿಗಿದು, ಮತ್ತೆ ಅಳೆದು ತೋರಿಸಿದನು. ಬ್ಯಾಟರಿಯ ಬಳಿ 14.1. ರಿಪೇರಿಯಾಯಿತು ಎಂದು ಬಾಯಲ್ಲಿ ಹೇಳಿ ಕಳಿಸದೆ ಮಾಲೀಕನೇ ಓದುವಂತೆ ಮೀಟರನ್ನು ಅವನ ಕಡೆಗೆ ತಿರುಗಿಸಿದನು. ಕೂಲಿ ತೆಗೆದುಕೊಂಡದ್ದು ಅರ್ಧ ದಿನದ್ದು. ಅದರಲ್ಲಿ ಲಗ್ಗಿನ ಬೆಲೆ ಅತ್ಯಲ್ಪ, ಉಳಿದದ್ದು ಹುಡುಕಿದ್ದಕ್ಕೆ. ಹುಡುಕುವ ಕೆಲಸಕ್ಕೆ ಮನಃಪೂರ್ವಕವಾಗಿ ಕೂಲಿ ಕೊಡುವ ಗಿರಾಕಿಗಳು ಹೆಚ್ಚಿದಂತೆ, ಹುಡುಕದೆ ಮಾರುವವರ ಸಂಖ್ಯೆ ತಾನಾಗಿಯೇ ಕಡಿಮೆಯಾಗುತ್ತದೆ. ಗಿರಾಕಿಯೂ ಈ ಧರ್ಮದಲ್ಲಿ ಪಾಲುದಾರನೇ.